ಎಕ್ಸ್‌ರೇ ಲೇಸರ್: ಪ್ಲಾಸ್ಮಾ ಉದ್ದ ಮಾಡಿದರೆ ಸಾಲದೇ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿ, ಡೊಂಬಿವಲಿ): ನಮಸ್ಕಾರ ಮೇಡಂ. ಸೆಮಿನಾರಿಗೆ ಎಕ್ಸ್‌ರೇ ಲೇಸರ್ ತಗೊಂಡಿದ್ದೇನೆ. ಮಾಮೂಲಿ ಲೇಸರ್‌ನಲ್ಲಿ ಬೆಳಕು ಎರಡು ಕನ್ನಡಿಗಳ ನಡುವೆ ಓಡಾಡಿ ಬಲಿಯುತ್ತದೆ. ಇಲ್ಲಿ ಹೆಚ್ಚಾಗಿ ಕನ್ನಡಿಯೇ ಇಲ್ಲ, ಒಂದೇ ಸಲ ಹಾದು ಹೋಗುತ್ತದೆ ಅಂತ ಓದಿದೆ. ಹಾಗಿದ್ದರೆ ಬೆಳಕು ಬಲಿಯುವ ಪ್ಲಾಸ್ಮಾವನ್ನೇ (ಎಲೆಕ್ಟ್ರಾನ್ ಕಳಚಿಕೊಂಡ ಬಿಸಿ ಅನಿಲ) ಒಂದು ಮೀಟರ್ ಉದ್ದ ಮಾಡಿದರೆ ಆಯ್ತಲ್ಲ? ಯಾಕೆ ಒಂದೆರಡು ಸೆಂಟಿಮೀಟರಿಗೇ ನಿಲ್ಲಿಸುತ್ತಾರೆ?

ಉತ್ತರ (ಪ್ಲಾಸ್ಮಾ ಭೌತಶಾಸ್ತ್ರ, ಚೆಂಬೂರು): ಕಿರಣ ನೇರ ಹೋಗುವುದಿಲ್ಲ, ಅದಕ್ಕೆ.

ಮೇ ತಿಂಗಳ ಮಧ್ಯಾಹ್ನ ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವಾಗ ಮುಂದೆ ನೀರು ನಿಂತ ಹಾಗೆ ಕಾಣುತ್ತದೆ ಅಲ್ವಾ? ಡಾಂಬರಿನ ಹತ್ತಿರ ಗಾಳಿ ಕಾದು ತೆಳುವಾಗಿರುತ್ತದೆ. ಬೆಳಕು ಮೇಲಿನ ದಟ್ಟ ಗಾಳಿಯ ಕಡೆಗೆ ಬಾಗುತ್ತದೆ. ಪ್ಲಾಸ್ಮಾದಲ್ಲಿ ಇದು ಉಲ್ಟಾ. ಎಲೆಕ್ಟ್ರಾನ್ ಜಾಸ್ತಿ ಇದ್ದಲ್ಲಿ ವಕ್ರೀಭವನಾಂಕ ಕಡಿಮೆ. ಹಾಗಾಗಿ ಕಿರಣ ತೆಳು ಪ್ಲಾಸ್ಮಾದ ಕಡೆಗೆ, ಅಂದರೆ ಟಾರ್ಗೆಟ್‌ನಿಂದ ದೂರಕ್ಕೆ, ಬಾಗುತ್ತದೆ. ಟಾರ್ಗೆಟ್ ಅಂದರೆ ಲೇಸರ್ ಹೊಡೆದು ಪ್ಲಾಸ್ಮಾ ಎಬ್ಬಿಸುವ ಘನವಸ್ತು.

ಎಷ್ಟು ಬಾಗುತ್ತದೆ? ಅಲೆಯುದ್ದ 20 ನ್ಯಾನೋಮೀಟರ್ ಇರಲಿ. ಎಲೆಕ್ಟ್ರಾನ್ ಸಾಂದ್ರತೆ ಘನ ಸೆಂಟಿಮೀಟರಿಗೆ 5×10²⁰ ಇದ್ದು, ಸುಮಾರು 100 ಮೈಕ್ರಾನ್ ದೂರದಲ್ಲಿ ಇಳಿದುಹೋಗಲಿ. 1 ಸೆಂ.ಮೀ. ಹೋಗುವಷ್ಟರಲ್ಲಿ ಕಿರಣ ಸುಮಾರು 45 ಮೈಕ್ರಾನ್ ಸರಿದಿರುತ್ತದೆ. 2 ಸೆಂ.ಮೀ.ಗೆ 180. ಉದ್ದ ಎರಡರಷ್ಟಾದರೆ ಸರಿಯುವುದು ನಾಲ್ಕರಷ್ಟು. ಗೇನ್ (ಬೆಳಕನ್ನು ಬಲಿಸುವ ಶಕ್ತಿ) ಇರುವ ಪಟ್ಟಿಯ ಅಗಲವೇ 100 ಮೈಕ್ರಾನ್ ಆಸುಪಾಸು. ಅಲ್ಲಿಂದಾಚೆ ಬಲಿಯಲು ಏನೂ ಇಲ್ಲ. ಹಿಂದಿನಿಂದ ಹೊರಟ ಕಿರಣ ಪಕ್ಕದಿಂದ ಹೊರಗೆ ಬಿದ್ದಿರುತ್ತದೆ. ನಿಮ್ಮ ಒಂದು ಮೀಟರ್ ಸುಮ್ನೆ ದಂಡ.

ಸೆಂಟಿಮೀಟರಿಗೆ ಗೇನ್ 5 ಇದ್ದರೆ, 3 ಸೆಂ.ಮೀ.ನಲ್ಲಿ e¹⁵, ಅಂದರೆ ಸುಮಾರು 33 ಲಕ್ಷ ಪಟ್ಟು. ಸ್ಯಾಚುರೇಶನ್, ಅಂದರೆ ಕಿರಣ ಇನ್ನು ಅದೇ ರಭಸದಲ್ಲಿ ಬಲಿಯಲಾಗದ ಹಂತ, ಮುಟ್ಟುವುದು ಹೆಚ್ಚುಕಡಿಮೆ ಅಲ್ಲೇ. ಆ 3 ಸೆಂ.ಮೀ. ಕಿರಣವನ್ನು ಒಳಗೇ ಇಟ್ಟುಕೊಳ್ಳುವುದೇ ದೊಡ್ಡ ಪಾಡು.

ವಿದ್ಯಾರ್ಥಿ: ಹಾಗಾದರೆ ಟಾರ್ಗೆಟನ್ನೇ ಸ್ವಲ್ಪ ಬಗ್ಗಿಸಿದರೆ?

ಉತ್ತರ: ಶಭಾಷ್! ಹಾಗೇ ಮಾಡುತ್ತಾರೆ. ಇಲ್ಲವಾದರೆ ಎರಡು ಟಾರ್ಗೆಟ್‌ಗಳನ್ನು ಎದುರುಬದುರಾಗಿ, ಒಂದರ ಮುಂದೊಂದು ಇಡುತ್ತಾರೆ. ಮೊದಲನೆಯದು ಬಗ್ಗಿಸಿದ್ದನ್ನು ಎರಡನೆಯದು ವಾಪಸ್ ಬಗ್ಗಿಸುತ್ತದೆ. ಮೊದಲೇ ಒಂದು ಸಣ್ಣ ಪಲ್ಸ್ ಹೊಡೆದು, ಪ್ಲಾಸ್ಮಾ ಹರಡಲು ಬಿಟ್ಟು, ಆಮೇಲೆ ಮುಖ್ಯ ಪಲ್ಸ್ ಕೊಡುವುದೂ ಇದೆ. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯವಾದ ಲಿವರ್‌ಮೋರ್‌ನವರು ಸೆಲೆನಿಯಂನಿಂದ 20.6 ಮತ್ತು 20.9 ನ್ಯಾನೋಮೀಟರ್ ಲೇಸರ್ ತೆಗೆದಾಗ ತೆಳು ಹಾಳೆಯನ್ನು ಪೂರ್ತಿ ಸಿಡಿಸಿದ್ದರು. ಹಾಗೆ ಮಾಡಿದರೆ ನಡುವೆ ಸಾಂದ್ರತೆ ಚಪ್ಪಟೆಯಾಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ.

1994ರ ಆರ್ಗಾನ್ ಲೇಸರ್ (46.9 ನ್ಯಾನೋಮೀಟರ್) ಬೇರೆ ಥರ, ಸಪೂರ ಕೊಳವೆಯಲ್ಲಿ ವಿದ್ಯುತ್ ಹರಿಸಿ ಮಾಡಿದ್ದು. ಅಂಥ ಕೊಳವೆಯಲ್ಲಿ ಕಿರಣ ಎಲ್ಲ ಕಡೆಗೂ ಹೊರಕ್ಕೆ ಬಾಗುವುದರಿಂದ ಪರದೆಯ ಮೇಲೆ ಬೀಳುವ ಬೆಳಕಿನ ಕಲೆ ಉದ್ದಿನ ವಡೆ ಥರ ಬರುತ್ತದೆ, ನಡುವೆ ತೂತು! ಸೆಮಿನಾರಿನಲ್ಲಿ ಆ ಚಿತ್ರ ತೋರಿಸಿ, ಯಾರೂ ತೂಕಡಿಸುವುದಿಲ್ಲ.

ಇನ್ನೊಬ್ಬರು (ಮಾಟುಂಗ): ಕನ್ನಡಿ ಯಾಕಿಲ್ಲ ಅಂತ ಹೇಳಲೇ ಇಲ್ಲವಲ್ಲ, ಮೇಡಂ?

ಉತ್ತರ: ಬಿಟ್ಟೇ ಹೋಯಿತು ನೋಡಿ. ಬೆಳಕು 1 ಪಿಕೋಸೆಕೆಂಡಿನಲ್ಲಿ 0.3 ಮಿ.ಮೀ. ಹೋಗುತ್ತದೆ. ಒಂದು ಸೆಂಟಿಮೀಟರಿಗೆ 33 ಪಿಕೋಸೆಕೆಂಡ್ ಬೇಕು. ಕೆಲವು ಲೇಸರ್‌ಗಳಲ್ಲಿ ಗೇನ್ ಉಳಿಯುವುದೇ ಕೆಲವು ಪಿಕೋಸೆಕೆಂಡ್. ಕನ್ನಡಿಯಿಂದ ವಾಪಸ್ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ. ಅಷ್ಟೇ ಅಲ್ಲ, 13 ನ್ಯಾನೋಮೀಟರ್ ಹತ್ತಿರ ಒಳ್ಳೆಯ ಪದರಗನ್ನಡಿಯೂ 70 ಶೇಕಡಾದಷ್ಟೇ ಹಿಂತಿರುಗಿಸುತ್ತದೆ.

ಅದಕ್ಕೇ ಪಟ್ಟಿಯನ್ನೆಲ್ಲ ಒಟ್ಟಿಗೆ ಹೊತ್ತಿಸುವುದಿಲ್ಲ. ಗಣಪತಿ ಪೆಂಡಾಲಿನ ರನ್ನಿಂಗ್ ಲೈಟ್ ಇರುತ್ತದಲ್ಲ, ಹಾಗೆ ಒಂದು ತುದಿಯಿಂದ ಬೆಳಕಿನದೇ ವೇಗದಲ್ಲಿ ಹೊತ್ತಿಸುತ್ತಾ ಹೋಗುತ್ತಾರೆ. ಕಿರಣ ಬಂದು ತಲುಪುವ ಹೊತ್ತಿಗೆ ಅಲ್ಲಿ ಗೇನ್ ಆಗ ತಾನೇ ಎದ್ದಿರುತ್ತದೆ. ಬೆಳ್ಳಿಯ 13.9 ನ್ಯಾನೋಮೀಟರ್ ಲೇಸರ್‌ನಲ್ಲಿ ಹೀಗೆ ಮಾಡುತ್ತಾರೆ.

ಮಾಟುಂಗ: ಆಸ್ಪತ್ರೆಯ ಎಕ್ಸ್‌ರೇಗೂ ಇದಕ್ಕೂ ಸಂಬಂಧ?

ಉತ್ತರ: ಇಲ್ಲ ಸರ್. ಇವು ಮೆತ್ತನೆ ಕಿರಣ, ಗಾಳಿಯೇ ಹೀರಿಬಿಡುತ್ತದೆ. ನಿರ್ವಾತದ ಡಬ್ಬಿಯಿಂದ ಹೊರಗೆ ಬಂದರೆ ಕಥೆ ಮುಗಿಯಿತು.