ಗ್ರೀನ್ ಟೀ ಕುಡಿದರೆ ಕ್ವಾರ್ಟರ್ ಲೆಕ್ಕಕ್ಕಿಲ್ಲವಾ?

ಕಾಪುವಿನಿಂದ ಪ್ರಶ್ನೆ: ನಮ್ಮ ಭಾವನವರಿಗೆ 44 ವರ್ಷ. ರಾತ್ರಿ ಒಂದು ಕ್ವಾರ್ಟರ್ ತಪ್ಪುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2, ಜಿಜಿಟಿ (ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎನ್‌ಜೈಮ್) 180 ದಾಟಿದೆ. ಬಿಡಿ ಅಂದ್ರೆ "ಗ್ರೀನ್ ಟೀಯಲ್ಲಿ ಆಂಟಿಆಕ್ಸಿಡೆಂಟ್ ಉಂಟು, ಲಿವರನ್ನು ಅದು ನೋಡಿಕೊಳ್ತದೆ" ಅಂತಾರೆ. ದಿನಕ್ಕೆ ನಾಲ್ಕು ಕಪ್, ಮೇಲಿಂದ ಆನ್‌ಲೈನ್‌ನಲ್ಲಿ ತರಿಸಿದ ಗ್ರೀನ್ ಟೀ ಮಾತ್ರೆ. ಯಾರಿಗಾದರೂ ಇದರಿಂದ ಗುಣ ಆದದ್ದುಂಟಾ?

ಬಿಜೈಯಿಂದ: ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡಿಯೇ ತಲೆ ಹಣ್ಣಾದವ ನಾನು. ನಿಮ್ಮ ಭಾವನ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಮದ್ಯ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗ್ತದೆ. ಅದು ವಿಷ. ಜೊತೆಗೆ ಜೀವಕೋಶಕ್ಕೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ, ಲಿವರ್ ತನ್ನ ರಕ್ಷಣೆಗೆ ಇಟ್ಟುಕೊಂಡ ಗ್ಲುಟಾಥಯೋನ್ ಖಾಲಿಯಾಗ್ತದೆ. ಮದ್ಯ ಕುಡಿಸಿದ ಇಲಿಗಳಿಗೆ ಚಹಾ ಕೊಟ್ಟಾಗ ಈ ಹಾನಿ ಸ್ವಲ್ಪ ಕಡಿಮೆಯಾದದ್ದು ನಿಜ. ಆದರೆ ಲೆಕ್ಕ ಹಾಕಿ ನೋಡಿ. 180 ಎಂಎಲ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಕಪ್ ಗ್ರೀನ್ ಟೀಯಲ್ಲಿ ಇಜಿಸಿಜಿ ಅನ್ನುವ ಮುಖ್ಯ ಅಂಶ ಹೆಚ್ಚೆಂದರೆ ನೂರು ಮಿಲಿಗ್ರಾಂ ಆಚೀಚೆ, ಅದರಲ್ಲೂ ರಕ್ತಕ್ಕೆ ಸೇರುವುದು ಚೂರೇ ಚೂರು. ಮನೆಗೆ ಬೆಂಕಿ ಬಿದ್ದಾಗ ಲೋಟದಲ್ಲಿ ನೀರು ಹೊತ್ತ ಹಾಗೆ.

ಚಹಾ ಕುಡಿಯಲಿ, ತೊಂದರೆ ಇಲ್ಲ. ಮಾತ್ರೆ ಮಾತ್ರ ಮೊದಲು ನಿಲ್ಲಿಸಿ. ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ಮಾತ್ರೆಯ ರೂಪದಲ್ಲಿ ಹೋದರೆ ಲಿವರ್ ಎನ್‌ಜೈಮ್ ಏರುವುದುಂಟು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ.

ಕಿನ್ನಿಗೋಳಿಯಿಂದ: ಮೇಲಿನವರ ಮಾತು ನನಗೆ ತಾಗಿತು. ನಾನು ಕುಡಿಯುವವಳೇ ಅಲ್ಲ, ತೂಕ ಇಳಿಸಲಿಕ್ಕೆ ಅಂತ ಅಂಥದ್ದೇ ಮಾತ್ರೆ ತಿಂದೆ. ಎರಡು ತಿಂಗಳಿಗೆ ಮೂತ್ರ ಕಣ್ಣ ಚಾದ (ಹಾಲು ಹಾಕದ ಚಹಾದ) ಬಣ್ಣ, ಕಣ್ಣು ಹಳದಿ. ಅಮ್ಮ ತೋಟಕ್ಕೆ ಹೋಗಿ ನೆಲನೆಲ್ಲಿ ಕಿತ್ತು ತಂದು ಅರೆಯಲಿಕ್ಕೂ ಕೂತಾಗಿತ್ತು. ಡಾಕ್ಟ್ರು ಒಂದೇ ಮಾತು ಹೇಳಿದ್ದು: "ಮನೆಯಲ್ಲಿ ತಿನ್ನುವ ಎಲ್ಲ ಡಬ್ಬಿ ತನ್ನಿ." ನಿಲ್ಲಿಸಿದ ಮೇಲೆ ಸರಿಯಾಯ್ತು.

ಬಂದರಿನಿಂದ: ಸುಲೈಮಾನಿ ಚಾ ಬಿರಿಯಾನಿಯ ಮೇಲೆ ಕುಡಿಯುವುದು ಮಾರಾಯ್ರೆ, ಬ್ರಾಂದಿಯ ಮೇಲಲ್ಲ 😄

ಮಲ್ಪೆಯಿಂದ: ಬೋಟಿನವ ನಾನು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಟ್ರಾಲಿಂಗ್ ಮೀನುಗಾರಿಕೆ ಬಂದ್, ಹೊರಗೆ ಮಳೆ, ಕೈಯಲ್ಲಿ ಕೆಲಸ ಇಲ್ಲ. ಗಡಂಗಿಗೆ ಹಾಜರಿ ಹಾಕಿಯೇ ಆ ದಿನ ಕಳೆಯುತ್ತಿದ್ದದ್ದು. ಒಂದು ವರ್ಷ ಜಿಜಿಟಿ 240 ಬಂತು. ಗ್ರೀನ್ ಟೀ ನಾನೂ ಕುಡಿದೆ, ಕುಡಿತದ ಜೊತೆಗೇ. ಮೂರು ತಿಂಗಳಿಗೆ 231. ಆಮೇಲೆ ಡಾಕ್ಟ್ರ ಹತ್ತಿರ ಹೋಗಿ ಕುಡಿತವನ್ನೇ ಬಿಟ್ಟೆ. ಮತ್ತೆ ಮೂರು ತಿಂಗಳಿಗೆ 62.

ಚಹಾದಿಂದ ಉಪಕಾರ ಆಗಲಿಲ್ಲ ಅನ್ನಲಾರೆ. ಸಂಜೆ ಏಳಕ್ಕೆ ಕೈಗೆ ಒಂದು ಗ್ಲಾಸು ಬೇಕೇ ಬೇಕು, ಬಾಯಿಗಲ್ಲ, ಕೈಗೆ. ಹೆಂಡತಿ ಅದೇ ಗಾಜಿನ ಲೋಟದಲ್ಲಿ ಬಿಸಿ ಬಿಸಿ ಕಣ್ಣ ಚಾ ಶುಂಠಿ ಜಜ್ಜಿ ಹಾಕಿ ಕೊಡ್ತಿದ್ದಳು. ಬೆರಳು ಸುಡ್ತಿತ್ತು, ಅದಕ್ಕೇ ನಿಧಾನ ಕುಡೀತಿದ್ದೆ. ಎಂಟೂವರೆ ಆಗುವಾಗ ಆಸೆ ಇಳೀತಿತ್ತು.

ಕಾರ್ಕಳದಿಂದ: ಒಂದು ಎಚ್ಚರಿಕೆ. ದಿನಾ ಕುಡಿಯುವವರನ್ನು ಮನೆಯವರೇ ಹಠ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ. ನಮ್ಮ ಮಾವ ಹಾಗೆ ನಿಲ್ಲಿಸಿದ ಮೂರನೇ ದಿನ ಕೈ ನಡುಗಿ, ಗೋಡೆಯಲ್ಲಿ ಹುಳ ಹರಿದಾಡ್ತದೆ ಅಂತ ರಾತ್ರಿಯಿಡೀ ಗುಡಿಸಿದರು. ಆಸ್ಪತ್ರೆಗೆ ಸೇರಿಸಬೇಕಾಯ್ತು. ಡಾಕ್ಟ್ರ ಕಣ್ಣಳತೆಯಲ್ಲೇ ಬಿಡಿಸಬೇಕು. ಆಮೇಲೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋದರು, ಅಲ್ಲಿ ಜೊತೆಗಾರರು ಸಿಕ್ಕಿದ್ದು ದೊಡ್ಡದು. ಯಾರಿಗೂ ಹೇಳಲಿಕ್ಕೆ ನಾಚಿಕೆ ಆದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ.

ಕಾಪುವಿನಿಂದ: ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಡಬ್ಬಿ ತಿರುಗಿಸಿ ಓದಿದೆ. ಒಂದು ಮಾತ್ರೆಯಲ್ಲಿ ಇಜಿಸಿಜಿ 450 ಮಿಲಿಗ್ರಾಂ, ದಿನಕ್ಕೆ ಎರಡು ಅಂತ ಉಂಟು. ಡಬ್ಬಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಭಾವ ಹುಡುಕ್ತಾ ಇದ್ದಾರೆ, ಸೋಮವಾರ ಡಾಕ್ಟ್ರ ಮುಂದೆಯೇ ಕೊಡ್ತೇನೆ.