ಕಾದಂಬರಿ ಬರೀತಿದ್ದೀನಿ, ಕೃಷಿ ಇಲಾಖೆ ಕರಪತ್ರ ಆಗ್ತಿದೆ

ತಿಪಟೂರಿನವಳು:
ಮೂರು ವರ್ಷದಿಂದ ಒಂದು ಕಾದಂಬರಿ ಹಿಡ್ಕೊಂಡು ಕೂತಿದ್ದೀನಿ. ಅಜ್ಜಿ ಮನೆ, ತೆಂಗಿನ ತೋಟ, ಕೊಬ್ಬರಿ ವ್ಯಾಪಾರ, ಅಣ್ಣತಮ್ಮಂದಿರ ಪಾಲು, ಇಷ್ಟೇ ಕಥೆ. ಬೆಳಗ್ಗೆ ಐದಕ್ಕೆದ್ದು, ಮಗನ ಟಿಫನ್ ಬಾಕ್ಸಿಗೆ ಮುಂಚೆ ಒಂದು ಗಂಟೆ ಬರೀತೀನಿ. ಅದು ತಪ್ಪಿಲ್ಲ. ತೊಂದರೆ ಇರೋದು ನನ್ನ ಮೂರು ನೋಟ್‌ಬುಕ್ಕಲ್ಲಿ. ಎಪಿಎಂಸಿಗೆ ಹೋಗಿ ಹರಾಜು ನೋಡಿದೆ, ಕಾಯಿ ಸುಲಿಯೋರ ಪಕ್ಕ ಕೂತು ಕೇಳಿ ಬರ್ಕೊಂಡೆ. ಈಗ ಪುಟದ ಮೇಲೆ ಬರ್ತಿರೋದು ಹೀಗೆ: "ಬಲಿತ ಕಾಯಿಗಳನ್ನು ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇರಿಸಿದಾಗ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ." ನಮ್ಮೆಜಮಾನ್ರು ಓದಿ, "ಸಬ್ಸಿಡಿಗೆ ಅರ್ಜಿ ಎಲ್ಲಿ ಹಾಕ್ಬೇಕು?" ಅಂದ್ರು.

ಭೈರಪ್ಪನವರು ಮಹಾಭಾರತದ ಕಾದಂಬರಿ ಪರ್ವಕ್ಕೋಸ್ಕರ ಕುರುಕ್ಷೇತ್ರ, ದ್ವಾರಕೆ, ಹಿಮಾಲಯ ಎಲ್ಲ ಸುತ್ತಿದವರು. ಅಷ್ಟು ಕೂಡಿಟ್ಟಿದ್ದು ಅವರಿಗೆ ಹೇಗೆ ಭಾರ ಆಗ್ಲಿಲ್ಲ?

ಹಳೇ ಡಿಟಿಪಿ:
ತಾಯಿ, ನಾನು ಲೇಖಕ ಅಲ್ಲ. ಮೊದಲು ಅಚ್ಚುಮೊಳೆ ಜೋಡಿಸ್ತಿದ್ದೆ, ಆಮೇಲೆ ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಸ್ತಕದ ಪುಟ ಹೊಡೆಯೋ ಕೆಲಸ. ಆದ್ರೆ ಹಸ್ತಪ್ರತಿ ಕೈಗೆ ಬಂದ್ರೆ ಬರೆದವರ ಒದ್ದಾಟ ಎಲ್ಲ ಕಾಣುತ್ತೆ. ಒಬ್ಬರು ಹಿರಿಯರು, ಹೆಸರು ಬೇಡ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೀತಿದ್ರು. ಬಲಗಡೆ ಕಥೆ, ಎಡಗಡೆ ಪುಟ ಖಾಲಿ, ತಿದ್ದೋದಕ್ಕೆ. ನೇಕಾರರ ಮನೆ ಕಾದಂಬರಿ. ಮಗ್ಗದ ವಿವರವೇ ಮೂವತ್ತೆರಡು ಪುಟ, ಕತ್ತು ನೋವು ಬರೋ ತನಕ ಕೂತು ಹೊಡೆದೆ. ಪ್ರೂಫ್ ವಾಪಸ್ ಬಂತು: ಮೂವತ್ತೆರಡಕ್ಕೂ ಕೆಂಪು ಪೆನ್ನಲ್ಲಿ ಅಡ್ಡಗೆರೆ! ಹೊಟ್ಟೆ ಉರಿದುಹೋಯ್ತು. ಆ ಜಾಗದಲ್ಲಿ ಎಡಗಡೆಯಿಂದ ಒಂದೇ ಒಂದು ಮಾತು ಬಂದಿತ್ತು. ಅಡುಗೆಮನೆಯಲ್ಲಿದ್ದ ಸೊಸೆ, ಮಾವನ ಲಾಳಿ ಸದ್ದು ನಿಂತದ್ದು ಕೇಳಿ ಸೌಟು ಕೆಳಗಿಟ್ಟಳು. ಅಷ್ಟೇ. ಮುದುಕ ಹೋಗಿಬಿಟ್ಟ ಅಂತ ನಮಗೆ ಗೊತ್ತಾಗುತ್ತೆ.

"ಮತ್ತೆ ಅಷ್ಟು ಯಾಕೆ ಬರೆದ್ರಿ ಸಾರ್?" ಅಂದೆ. "ಬರೀದೇ ಇದ್ದಿದ್ರೆ ಆ ಸದ್ದು ನನಗೇ ಕೇಳಿಸ್ತಿರ್ಲಿಲ್ಲ ಕಣಯ್ಯ" ಅಂದ್ರು. ಪುಟದ ದುಡ್ಡು ಮಾತ್ರ ಪೂರ್ತಿ ಕೊಟ್ರು, ಪುಣ್ಯಾತ್ಮ.

ಪರ್ವ (1979) ಇನ್ನೊಂದ್ಸಲ ತೆಗೆದು ನೋಡಿ. ಅಷ್ಟು ದೊಡ್ಡ ಯುದ್ಧದ ಕಥೆ ಶುರುವಾಗೋದು ಮದ್ರದ ಮುದಿ ರಾಜ ಶಲ್ಯನ ಮನೆಯಲ್ಲಿ, ಮೊಮ್ಮಗಳ ಮದುವೆ ಚಿಂತೆಯಿಂದ. ತಿರುಗಾಡಿದ್ದೆಲ್ಲ ಆ ಮನೆ ಮಾತಿನೊಳಗೆ ಸೇರ್ಕೊಂಡಿದೆ.

ಪುತ್ತೂರಿನವ:
ನೀವು ಶಿವರಾಮ ಕಾರಂತರ ಬೆಟ್ಟದ ಜೀವ ಒಮ್ಮೆ ಓದಿ ಮಾರಾಯ್ರೆ. ಸುಬ್ರಹ್ಮಣ್ಯದ ಹತ್ತಿರ ಕಾಡಿನಲ್ಲಿ ದಾರಿ ತಪ್ಪಿದವನನ್ನು ದೇರಣ್ಣ, ಬಟ್ಯ ಸೇರಿ ಗೋಪಾಲಯ್ಯನ ಮನೆಗೆ ಮುಟ್ಟಿಸ್ತಾರೆ. ಕಾಡು ಕಡಿದು ಅಡಿಕೆ ತೋಟ ಮಾಡಿದ್ದು, ಆನೆಯ ಉಪದ್ರ, ಎಲ್ಲ ಉಂಟು ಅದರಲ್ಲಿ. ಆದ್ರೆ ಹೇಳುವವ ಗೋಪಾಲಯ್ಯ, ಕೇಳುವವ ದಾರಿ ತಪ್ಪಿ ಬಂದ ಆ ಅತಿಥಿ. ಹೇಳದೆ ಉಳಿಸಿಕೊಂಡದ್ದು ಒಂದು, ಮನೆ ಬಿಟ್ಟು ಹೋದ ಮಗನ ಸಂಕಟ. ತೋಟದ ಸುದ್ದಿ ಎಷ್ಟು ಬಂದರೂ ನಾವು ಕಾಯುವುದು ಆ ಮಗನ ಸುದ್ದಿಗೆ. ನಿಮ್ಮ ಅಟ್ಟದ ವಿಷಯ ಯಾರು ಯಾರಿಗೆ ಹೇಳುವುದು? ಅದೇ ಇಲ್ಲ ನೀವು ಹಾಕಿದ ವಾಕ್ಯದಲ್ಲಿ.

ಮತ್ತೆ ಐದು ಗಂಟೆಗೆ ಏಳುವುದೆಲ್ಲ ಅವರವರ ಅನುಕೂಲ. ಕಾರಂತಜ್ಜ ಕೊನೆಕೊನೆಗೆ ಬಾಯಲ್ಲಿ ಹೇಳಿ ಬರೆಸ್ತಿದ್ದರು.

ಮಲೆನಾಡ ಮಳೆ:
ಮೂರು ವರ್ಷಕ್ಕೇ ಸುಸ್ತಾದ್ರಾ? ಕುವೆಂಪು ಅವರ ಕಾನೂರು ಹೆಗ್ಗಡಿತಿ 1936, ಮಲೆಗಳಲ್ಲಿ ಮದುಮಗಳು 1967. ನಡುವೆ ರಾಮಾಯಣ ದರ್ಶನಂ ಬೇರೆ ಮುಗಿಸಿದ್ರು, ಅದು ಬಿಡಿ.

ತಿಪಟೂರಿನವಳು:
ಪುತ್ತೂರಿನವರ ಪ್ರಶ್ನೆ ತಲೆಯಲ್ಲೇ ಕೂತಿತ್ತು. ಯಾರು ಯಾರಿಗೆ? ಇವತ್ತು ಬೆಳಗ್ಗೆ ನೋಟ್‌ಬುಕ್ ಮುಟ್ಟದೇ ಬರೆದೆ. ಪಾಲಿನ ಪಂಚಾಯ್ತಿ ಹಿಂದಿನ ರಾತ್ರಿ, ಅಜ್ಜಿ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿ ಹತ್ರ ಅಲ್ಲಾಡಿಸ್ತಾಳೆ. ಒಣಗಿ ಗುಡುಗುಡು ಅಂದದ್ದು ಚಿಕ್ಕ ಮಗನ ಚೀಲಕ್ಕೆ, ಇನ್ನೂ ನೀರಿದ್ದದ್ದು ದೊಡ್ಡವನದಕ್ಕೆ. ಯಾರಿಗೂ ಏನೂ ಹೇಳಲ್ಲ. ಒಂದೂವರೆ ಪುಟ ಆಯ್ತು, ಟಿಫನ್ ಬಾಕ್ಸಿಗೆ ಬರೀ ಬ್ರೆಡ್ಡು.

ಎಜಮಾನ್ರು ಓದಿ ಸುಮ್ಮನಿದ್ರು. ಆಮೇಲೆ, "ಎಪ್ಪತ್ತು ದಾಟಿದೋಳು ಆ ಏಣಿ ಹೆಂಗೆ ಹತ್ತಿದ್ಲು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಏಣಿ ಹಿಡ್ಕೊಳ್ಳೋಕೆ ಕೆಳಗೆ ಇನ್ನೊಬ್ಬರು ಬೇಕು.