ನರ ಕರುಳನ್ನು "ನಿಯಂತ್ರಿಸುತ್ತದೆ" ಎನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರೇ ಜಾಸ್ತಿ, ಹಾಗಾಗಿ ಕನ್ನಡದಲ್ಲೂ ಟಿಪ್ಪಣಿ ಬರೆದು ಕೊಡುತ್ತೇನೆ. ಈ ವಾರ ಒಂದೇ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿದೆ (ನಯಸ್ನಾಯು ಎಂದರೆ ನಮ್ಮ ಇಚ್ಛೆಯಿಲ್ಲದೆ ತಾನಾಗಿ ಕೆಲಸ ಮಾಡುವ, ಕರುಳಿನ ಗೋಡೆಯಂಥ ಕಡೆ ಇರುವ ಸ್ನಾಯು):

"ಕರುಳಿನ ನಯಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ನರಗಳು ನಿಯಂತ್ರಿಸುತ್ತವೆ."

ಮೊದಲ ಪ್ರಶ್ನೆ ಬಂದದ್ದು ಮುಂದಿನ ಬೆಂಚಿನಿಂದ. "ಮೇಡಂ, ಸಲೈನ್ ಹಚ್ಚೋ ನರಾನಾ?" ಆ ಹುಡುಗಿಯದು ತಪ್ಪಲ್ಲ. ನಮ್ಮ ವಾರ್ಡುಗಳಲ್ಲಿ ದಿನಾ ಕೇಳುವ ಮಾತೇ "ನರ ಸಿಗವಲ್ದು" ಅಂತ. ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ ಹುಡುಕುವುದು ರಕ್ತನಾಳವನ್ನು. ಬಾಯಲ್ಲಿ ಬರುವುದು ನರ. ಕಾಲಲ್ಲಿ ರಕ್ತನಾಳ ಉಬ್ಬಿದರೂ "ನರ ಉಬ್ಬ್ಯಾವ" ಅನ್ನುತ್ತಾರೆ. ಇದು ಅಜ್ಞಾನವೇನಲ್ಲ, ಪದವೇ ಅಷ್ಟು ಅಗಲದ್ದು. ತಮಿಳಿನ ನರಂಬು ಕೂಡ ಹಾಗೇ: ನರವೂ ಹೌದು, ಯಾಳ್ ಎಂಬ ಹಳೆಯ ವಾದ್ಯದ ತಂತಿಯೂ ಹೌದು. ಪಾಠದಲ್ಲಿ "ಸುದ್ದಿ ಒಯ್ಯುವ ನರ" ಎಂದು ಒಮ್ಮೆ ಬಿಡಿಸಿ ಹೇಳಿದರೆ ಸಾಕು ಅನಿಸುತ್ತದೆ.

ಸ್ನಾಯುವಿನ ಗೊಂದಲ ಬೇರೆ ಥರದ್ದು. ನಮಗೆ ಅದು ಮಾಂಸಖಂಡ. ಬಂಗಾಳಿಯವರಿಗೆ ಸ್ನಾಯು ಎಂದರೆ ನರ! ಆಯುರ್ವೇದದಲ್ಲಿ ಅದು ಕಟ್ಟಿ ಹಿಡಿಯುವ ನಾರು, ಮಾಂಸಖಂಡಕ್ಕೆ ಅಲ್ಲಿ ಪೇಶಿ ಎನ್ನುತ್ತಾರೆ. ಕನ್ನಡದಲ್ಲಿ ಒಂದೇ ಅರ್ಥ ನಿಂತಿದೆ, ಹಾಗಾಗಿ ಅದನ್ನು ಬದಲಿಸುವುದು ಬೇಡ.

ನನಗೆ ನಿಜವಾಗಿ ಚುಚ್ಚುತ್ತಿರುವ ಪದ "ನಿಯಂತ್ರಿಸು".

ಯಾಕೆಂದರೆ ಕರುಳಿನ ತಾಳ ನರದ್ದಲ್ಲ. ಸ್ನಾಯುವಿನ ಪದರಗಳ ನಡುವೆ ಕಹಾಲ್ ಕೋಶಗಳಿವೆ. ಸ್ಪೇನಿನ ವಿಜ್ಞಾನಿ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರ ಹೆಸರೇ ಅವಕ್ಕೆ, 1906ರಲ್ಲಿ ನೊಬೆಲ್ ಪಡೆದವರು. ನಿಧಾನದ ಅಲೆಗಳನ್ನು ಎಬ್ಬಿಸುವುದು ಆ ಕೋಶಗಳು. ಜಠರದಲ್ಲಿ ನಿಮಿಷಕ್ಕೆ ಸುಮಾರು 3 ಅಲೆ, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಸುಮಾರು 12, ಕೊನೆಯ ಭಾಗದಲ್ಲಿ 8-9. ಆದರೆ ಸಣ್ಣ ಕರುಳಿನಲ್ಲಿ ಬರೀ ಅಲೆ ಎದ್ದರೆ ಸ್ನಾಯು ಹಿಂಡುವುದಿಲ್ಲ. ಅಲೆ ಒಂದು ಗೆರೆ ದಾಟಬೇಕು. ಆಗ ಅದರ ತಲೆಯ ಮೇಲೆ ಚೂಪಾದ ಮಿಡಿತಗಳು ಏಳುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ನಾನು ಆ ಮಿಡಿತಕ್ಕೆ "ಮುಳ್ಳು" ಎಂದು ಬರೆದಿದ್ದೇನೆ, ಗ್ರಾಫ್ ನೋಡಿದರೆ ಹಾಗೇ ಕಾಣುತ್ತದೆ, ಜಾಲಿ ಟೊಂಗೆಯ ಹಾಗೆ.

ನರದ ಕೆಲಸ ಇಲ್ಲಿದೆ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುವ ನರ ಸ್ನಾಯುವಿನ ವಿದ್ಯುತ್ ಮಟ್ಟವನ್ನು ಮೇಲೆತ್ತುತ್ತದೆ. ಮೊದಲು ಆ ಗೆರೆ ಮುಟ್ಟದಿದ್ದ ಅಲೆ ಈಗ ಮುಟ್ಟುತ್ತದೆ. ನೈಟ್ರಿಕ್ ಆಕ್ಸೈಡ್ ಬಿಡುವ ನರ ಮಟ್ಟವನ್ನು ಕೆಳಗಿಳಿಸುತ್ತದೆ. ಅಲೆ ಏಳುತ್ತಲೇ ಇರುತ್ತದೆ, ಆದರೆ ಮುಳ್ಳು ಮೂಡುವುದಿಲ್ಲ. ಅನ್ನದ ಮುದ್ದೆಯ ಹಿಂದೆ ಬಿಗಿತ, ಮುಂದೆ ಸಡಿಲ. ಇಂಗ್ಲೆಂಡಿನ ವಿಜ್ಞಾನಿಗಳಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲೇ ಇದನ್ನು ತೋರಿಸಿದ್ದರು. ಈ ನರಗಳ ಜಾಲ ಕರುಳಿನ ಗೋಡೆಯೊಳಗೇ ಇದೆ. ಮಿದುಳು ದೂರದಿಂದ ಹೆಚ್ಚುಕಡಿಮೆ ಮಾಡುತ್ತದೆ, ಅಷ್ಟೇ.

ಕ್ಲಾಸಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಉದಾಹರಣೆ ಹೇಳಿದೆ. ಕಾಲುವೆಯಲ್ಲಿ ನೀರು ತೊನೆಯುತ್ತಿದೆ, ಆದರೆ ತೂಬಿನ ಬಾಯಿಗಿಂತ ನಾಲ್ಕು ಬೆರಳು ಕೆಳಗೆ. ಗದ್ದೆಗೆ ಹನಿಯೂ ಇಲ್ಲ. ಮೇಲಿನಿಂದ ಒಂದಿಷ್ಟು ನೀರು ಬಿಟ್ಟರೆ ಅದೇ ತೊನೆತ ತೂಬಿನೊಳಕ್ಕೆ ನುಗ್ಗುತ್ತದೆ. ತೊನೆತ ಯಾರದ್ದು, ಮಟ್ಟ ಯಾರದ್ದು ಎಂದು ಕೇಳಿದೆ. ಕಾಲುವೆಯ ಕೊನೆಭಾಗದ ರೈತರ ಮಕ್ಕಳಿಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ.

"ನಿಯಂತ್ರಿಸು" ಎಂದಾಗ ಈ ಚಿತ್ರ ಕಾಣುವುದೇ ಇಲ್ಲ. ಸ್ವಿಚ್ಚು ಒತ್ತಿದಂತೆ, ನರ ಹೇಳಿದಾಗ ಮಾತ್ರ ಕರುಳು ಅಲುಗುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನನ್ನ ಮನಸ್ಸು ಮೊದಲು ಓಡಿದ್ದು "ಹದ"ದ ಕಡೆ. ಎರೆ ಹೊಲ ಹದಕ್ಕೆ ಬಂದಾಗ ಕೂರಿಗೆ ಹೂಡುತ್ತೇವೆ, ಅಲ್ವಾ? ಹಾಗೆಯೇ "ನರ ಸ್ನಾಯುವನ್ನು ಹದಕ್ಕೆ ತರುತ್ತದೆ". ಕೇಳಲು ಬಹಳ ಇಷ್ಟವಾಯಿತು. ಆದರೆ ಅರ್ಧ ದಾರಿಗೇ ನಿಂತಿತು. ಮಟ್ಟ ಇಳಿಸುವ ನರಕ್ಕೆ ಏನನ್ನಲಿ? "ಹದ ಕೆಡಿಸುತ್ತದೆ" ಎಂದರೆ ಏನೋ ಕೇಡಾದಂತೆ. ಇಲ್ಲಿ ಸಡಿಲಾಗುವುದೂ ಅಷ್ಟೇ ಬೇಕಾದ ಕೆಲಸ. ದೊಡ್ಡ ಕರುಳಿನ ತುದಿಯಲ್ಲಿ ಈ ನರಕೋಶಗಳೇ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಆ ತುಂಡು ಸಡಿಲಾಗದೆ ಮಲ ಮುಂದೆ ಹೋಗುವುದೇ ಇಲ್ಲ, ಹೊಟ್ಟೆ ಉಬ್ಬುತ್ತದೆ, ಆಪರೇಷನ್ನೇ ಮಾಡಬೇಕು. ಅದಕ್ಕೇ "ಪ್ರತಿಬಂಧಕ ನರ" ಎಂಬ ಪದವೂ ನನಗೆ ಒಗ್ಗುತ್ತಿಲ್ಲ. ಅದು ದಾರಿಗೆ ಅಡ್ಡ ನಿಂತವರ ಹೆಸರು. ಈ ನರ ದಾರಿ ಬಿಡುವಂಥದ್ದು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: "ಕರುಳಿನ ಸ್ನಾಯುವಿನಲ್ಲಿ ವಿದ್ಯುತ್ ಅಲೆ ತಾನಾಗಿ ಏಳುತ್ತಿರುತ್ತದೆ. ಸ್ನಾಯುವಿನ ವಿದ್ಯುತ್ ಮಟ್ಟವನ್ನು ಏರಿಸಿ ಇಳಿಸಿ, ಯಾವ ಅಲೆಗೆ ಸ್ನಾಯು ಹಿಂಡಬೇಕು ಎಂಬುದನ್ನು ನರಗಳು ಗೊತ್ತುಮಾಡುತ್ತವೆ."

ಉದ್ದವಾಯಿತು, ನಿಜ. "ಏರಿಸಿ ಇಳಿಸಿ" ಎಂಬುದನ್ನು ಒಂದೇ ಕ್ರಿಯಾಪದದಲ್ಲಿ ಹೇಳಲು ಆಗುತ್ತದೆಯೇ? ನೀರುಗಂಟಿಗಳ ಮಾತಿನಲ್ಲಿ, ತಂಬೂರಿ ಶ್ರುತಿ ಮಾಡುವವರಲ್ಲಿ, ಕಮತದ ಮನೆಗಳಲ್ಲಿ ಅಂಥ ಪದ ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಯಾವ ಊರಿನಲ್ಲಿ, ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದನ್ನೂ ಬರೆಯಿರಿ. ಮುಂದಿನ ಸೋಮವಾರ ಈ ಪಾಠ ಮತ್ತೊಂದು ಬ್ಯಾಚಿಗೆ ಇದೆ.